ಬಣ್ಣದ ಮೇಲೆ ಬಿಗಿದ ತಂತಿ

ಈ ಕಥೆಯನ್ನು ನನಗೆ ಮೊದಲು ಹೇಳಿದವನು ಗಾಡಿಗಳ ಸೀಟು ಹೊಲಿಯುವ ಮುದುಕ; ಹೇಳಿದ್ದು ಬೇಸಿಗೆಯ ಒಂದು ಇಳಿಹೊತ್ತಿನಲ್ಲಿ. ಗ್ಯಾರೇಜುಗಳ ಆ ಓಣಿಯಲ್ಲಿ ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ. ಕಬ್ಬಿಣ ಕಡೆಯುವ ಲೇತು ನಿಂತಿತ್ತು, ಚಕ್ರಕ್ಕೆ ಗಾಳಿ ತುಂಬುವ ಯಂತ್ರ ನಿಂತಿತ್ತು, ಕೆಲಸವಿಲ್ಲದವರೆಲ್ಲ ಮುದುಕನ ಅಂಗಡಿಯ ಮುಂದೆ ಹರಿದ ಸೀಟುಗಳನ್ನು ಹಾಕಿಕೊಂಡು ಕುಳಿತಿದ್ದರು. ಇನ್ನೊಬ್ಬನ ಮನಸ್ಸಿನೊಳಗೆ ನಡೆದದ್ದು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ ಅವನು, “ಹೊಲಿಯೋನ ಮುಂದೆ ಜನ ಮಾತಾಡ್ತಾರೆ ಸ್ವಾಮಿ. ನಾನು ಸೂಜಿ ನೋಡ್ತಿರ್ತೀನಲ್ಲ, ಅವ್ರ ಮುಖ ನೋಡೋದಿಲ್ಲ” ಎಂದ. ಲೇತಿನವನೂ ಚಹಾ ಅಂಗಡಿಯ ಹೆಂಗಸೂ ನಡುನಡುವೆ ಅವನನ್ನು ತಿದ್ದಿದರು. ಪಾಠಾಂತರವಿದ್ದ ಕಡೆ ಅದನ್ನು ಸೂಚಿಸಿದ್ದೇನೆ. ಉಳಿದಂತೆ ಮುದುಕನ ಪಾಠವನ್ನೇ ಹಿಡಿದಿದ್ದೇನೆ.

ಆ ಓಣಿಯ ಒಂದು ಶೆಡ್ಡಿನಲ್ಲಿ ಅಣ್ಣತಮ್ಮಂದಿರಿಬ್ಬರು ಬೈಕುಗಳ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ತಮ್ಮನು ಎದ್ದಾಗ ಅವನ ಎಡಗೈಯ ಅಂಗೈ ಬೆಚ್ಚಗಿತ್ತು. ಜ್ವರದ ಬಿಸಿಯಲ್ಲ, ಮುಖ ತೊಳೆಯುವಾಗ ತಣ್ಣೀರಿನಲ್ಲಿ ಅದ್ದಿ ಹಿಡಿದರೂ ಆರದ, ಹಾಗೆಂದು ಸುಡುವುದೂ ಇಲ್ಲದ, ಯಾರೋ ಹಿಡಿದು ಬಿಟ್ಟ ಕೈಯಲ್ಲಿ ಉಳಿಯುವಂಥ ಒಂದು ಬಿಸಿ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲವೆಂಬಂತೆ ಅಂಗಿ ತೊಟ್ಟು, ಶೆಡ್ಡಿನ ಬೀಗ ತೆಗೆದು, ಶಟರ್ ಎತ್ತಿದ. ಶೆಡ್ಡು ಒಂದೇ, ಕೆಲಸ ಎರಡು. ಎಡಗಡೆ ದಪ್ಪ ಪ್ಲಾಸ್ಟಿಕ್ಕಿನ ಪರದೆಯ ಹಿಂದೆ ಅಣ್ಣನ ಬಣ್ಣದ ಕೋಣೆ: ಧೂಳಿಲ್ಲ, ಒದ್ದೆ ನೆಲ, ಕೊಕ್ಕೆಗೆ ತೂಗಿದ ಟ್ಯಾಂಕುಗಳು ಕಸಾಯಿಖಾನೆಯ ಮಾಂಸದಂತೆ ಸದ್ದಿಲ್ಲದೆ ಹೊಳೆಯುತ್ತಿದ್ದವು. ಬಲಗಡೆ ತಮ್ಮನ ಜಾಗ: ಎಣ್ಣೆ, ಮರಳು, ಬಿಚ್ಚಿಟ್ಟ ಎಂಜಿನ್ನುಗಳು. ಅಣ್ಣನ ಕೋಣೆಯಿಂದ ಹೊರಬಂದ ಯಾವ ಚಾಸಿಯನ್ನೂ, ಎಂದರೆ ಗಾಡಿಯ ಕಬ್ಬಿಣದ ಚೌಕಟ್ಟನ್ನು, ಹಳೆಯ ದುಪ್ಪಟಿ ಸುತ್ತದೆ ಯಾರೂ ಮುಟ್ಟುವಂತಿರಲಿಲ್ಲ. ಗಿರಾಕಿ ಬಂದ ಮೇಲೆ ಆ ದುಪ್ಪಟಿಯನ್ನು ಅಣ್ಣನೇ, ಮದುಮಗಳ ಮುಸುಕು ಸರಿಸುವವನಂತೆ ಮೆಲ್ಲಗೆ ಎಳೆಯುತ್ತಿದ್ದ. ಆ ಓಣಿಯಲ್ಲಿ ಅದೊಂದು ನೋಡುವ ನೋಟವೇ ಆಗಿತ್ತು. ಚಹಾ ಅಂಗಡಿಯವಳು ಒಲೆ ಸಣ್ಣಗೆ ಮಾಡಿ ಬರುತ್ತಿದ್ದಳು.

ನಿನ್ನೆ ಸಂಜೆಯೂ ಬಂದಿದ್ದಳು. ಗಾಡಿ ಭಾವನದು, ಅಂದರೆ ಅಕ್ಕನ ಗಂಡನದು. ಸಣ್ಣ ಸಣ್ಣ ಕ್ಲಿನಿಕ್ಕುಗಳಿಂದ ರೋಗಿಗಳ ರಕ್ತದ ಸೀಸೆಗಳನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿ ದೊಡ್ಡ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವನ ಕೆಲಸ. ಗಾಡಿ ನಿಂತರೆ ಅವನೂ ನಿಂತಂತೆ. ಅವನ ಹಳೆಯ ಎಂಜಿನ್ ಕಿಕ್ ಹೊಡೆದು ಎಬ್ಬಿಸುವಂಥದು, ಜಾಮ್ ಆಗಿ ಕುಳಿತಿತ್ತು. ತಮ್ಮ ಗುಜರಿಯಲ್ಲಿ ಹುಡುಕಿ ಇನ್ನೊಂದು ಎಂಜಿನ್ ತಂದ. ಅದಕ್ಕೆ ಗುಂಡಿ ಒತ್ತಿದರೆ ಏಳುವ ಸೆಲ್ಫ್ ಇತ್ತು. ಎಂಜಿನ್ ಸಿಗುವ ಹೊತ್ತಿಗೆ ಅಣ್ಣ ಚಾಸಿಗೆ ಬಣ್ಣ ಹೊಡೆದು ಮುಗಿಸಿದ್ದ. ತಪ್ಪು ಹುಟ್ಟಿದ್ದು ಅಲ್ಲಿ. ಕಿಕ್ಕಿನ ಎಂಜಿನ್ನಿಗೆ ದೊಡ್ಡ ಅರ್ತ್ ತಂತಿ, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಬೇಕಿರಲಿಲ್ಲ. ಸೆಲ್ಫ್ ಇದ್ದ ಎಂಜಿನ್ನಿಗೆ ಬೇಕು. ಬೇಕೆಂದು ಮೊದಲೇ ತಿಳಿದಿದ್ದರೆ ತಮ್ಮ ಎಂದಿನಂತೆ ಚಾಸಿಯ ಒಂದು ಮೂಲೆಗೆ ಕಾಗದದ ಪಟ್ಟಿ ಅಂಟಿಸಿ, ಅಷ್ಟು ಜಾಗವನ್ನು ಬಣ್ಣ ತಾಗದ ಬರಿ ಕಬ್ಬಿಣವಾಗಿ ಉಳಿಸಿಕೊಳ್ಳುತ್ತಿದ್ದ. ಬಣ್ಣದೊಳಗಿಂದ ಕರೆಂಟು ಹಾಯುವುದಿಲ್ಲ; ಈಗ ಬರಿ ಕಬ್ಬಿಣ ಎಲ್ಲಿಯೂ ಇರಲಿಲ್ಲ. ಅಣ್ಣ ಎಂಜಿನ್ ಕೂರುವ ಕಿವಿಗಳ ತೂತಿನೊಳಗೂ ಬಣ್ಣ ಇಳಿಸಿದ್ದ; ಎಂಜಿನ್ನಿಗೂ ಚಾಸಿಗೂ ನಡುವೆ ರಬ್ಬರು ಬೇರೆ. ತಂತಿ ಕೂರಿಸಬೇಕಾದಲ್ಲಿ ಒಂದು ಕಾಸಿನಗಲ ಬಣ್ಣ ಕೆರೆದರೆ ಮುಗಿಯುವ ಕೆಲಸ ಅದು.

ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ: “ಕರೆಂಟು ಹೋಗೋ ದಾರಿ ಎಲ್ರೂ ಹಾಕ್ತಾರೆ ಕಣೋ, ಬರೋ ದಾರಿ ಹಾಕೋನು ಮೆಕ್ಯಾನಿಕ್ಕು. ದಾರಿ ಕೊಡ್ಲಿಲ್ಲ ಅಂದ್ರೆ ಅದು ಬೇರೆಯವ್ರ ಮನೆ ಒಳಗಿಂದ ಹಾಯ್ದು ಬರುತ್ತೆ.” ಬೇರೆಯವರ ಮನೆ ಎಂದರೆ ಎಂಜಿನ್ನಿನಿಂದ ಹ್ಯಾಂಡಲ್ಲಿಗೆ ಹೋಗುವ ಕ್ಲಚ್ಚಿನ ಕೇಬಲ್ಲು. ಒಳಗೆ ಉಕ್ಕಿನ ಎಳೆಗಳು, ಹೊರಗೆ ಉಕ್ಕಿನ ಸುರುಳಿ, ನಡುವೆ ತೆಳುವಾದ ಪ್ಲಾಸ್ಟಿಕ್ಕಿನ ಒಳಪದರ. ಅದು ಎಳೆಯುವುದಕ್ಕೆ ಇರುವ ವಸ್ತು, ಕರೆಂಟು ಹೊರುವುದಕ್ಕಲ್ಲ.

ಕೆರೆಯಲು ಬ್ಲೇಡು ಕೈಗೆತ್ತಿಕೊಂಡಿದ್ದೂ ಹೌದು. ಪರದೆಯಾಚೆಯಿಂದ ಅಣ್ಣನ ದನಿ ಬಂತು: “ಏನೋ ಅದು ಸದ್ದು? ಸಹಿ ಹಾಕ್ತಿದ್ದೀಯಾ?”

ಆ ಮಾತಿಗೊಂದು ಹಿನ್ನೆಲೆ ಇತ್ತು. ಹಿಂದೊಮ್ಮೆ ತಮ್ಮನ ಕೈಯಿಂದ ಸ್ಪ್ಯಾನರ್ ಜಾರಿ, ಅಣ್ಣ ಆಗ ತಾನೇ ಮುಗಿಸಿದ್ದ ಟ್ಯಾಂಕಿನ ಮೇಲೆ ಬಿದ್ದು ಗೀರಾಗಿತ್ತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ಗಿರಾಕಿ ಬಂದಾಗ ಗೀರಿನ ಮೇಲೆ ಬೆರಳಿಟ್ಟು, “ಇದು ನಮ್ಮ ತಮ್ಮನ ಸಹಿ. ಕಲಾವಿದರು ಕೆಳಗಡೆ ಹಾಕ್ತಾರಲ್ಲ, ಹಾಗೆ” ಎಂದ. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಆ ನಗುವಿನಲ್ಲಿ ತನ್ನ ಮುಖದ ಚರ್ಮ ಎಳೆದುಕೊಂಡ ರೀತಿ ಅವನಿಗೆ ಇಂದಿಗೂ ನೆನಪಿತ್ತು. ಅಂದಿನಿಂದ ಓಣಿಯಲ್ಲಿ ಎಲ್ಲಿ ಗೀರು ಬಿದ್ದರೂ, ಗೋಡೆಗೆ ಕೈಗಾಡಿ ತಾಗಿದರೂ, ಅದು ಅವನ ಸಹಿ. ಅಕ್ಕನೂ ಒಮ್ಮೆ ಮಾಸಿದ ಪಾತ್ರೆ ತೋರಿಸಿ ಹಾಗೆ ಅಂದಿದ್ದಳು. ಹೀಗಾಗಿ ಬ್ಲೇಡು ಕೆಳಗಿಟ್ಟ. ತಂತಿಯನ್ನು ಬಣ್ಣದ ಮೇಲೆಯೇ ಇಟ್ಟು, ಬಿಗಿಯುವಾಗ ಬೋಲ್ಟಿನ ಅಂಚು ಬಣ್ಣವನ್ನು ತಾನೇ ಕೊರೆದುಕೊಂಡೀತು ಎಂದು ತನಗೆ ತಾನೇ ಹೇಳಿಕೊಂಡು, ಬಿಗಿದ. ಬೋಲ್ಟು ಕೊರೆಯಲಿಲ್ಲ. ಅಣ್ಣನ ಬಣ್ಣ ಅಷ್ಟು ಗಟ್ಟಿಯಾಗಿತ್ತು.

ದುಪ್ಪಟಿ ಸರಿದಾಗ ಜನ ‘ಆಹಾ’ ಎಂದರು. ಭಾವ ತನ್ನ ಗಾಡಿಯನ್ನು ಗುರುತು ಹಿಡಿಯದವನಂತೆ ಸುತ್ತು ಬಂದ. ಅಕ್ಕ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ತಮ್ಮ ಎಡಗೈಯಲ್ಲಿ ಕ್ಲಚ್ ಒತ್ತಿ ಹಿಡಿದು ಸೆಲ್ಫ್ ಗುಂಡಿ ಒತ್ತಿದ. ಎಂಜಿನ್ ಹಂದಾಡಿತು, ಮುಲುಗಿತು, ಇನ್ನೊಮ್ಮೆ ಒತ್ತಿದಾಗ ಒಲ್ಲದ ಮನಸ್ಸಿನಿಂದ ಎದ್ದಿತು. ಕೇಬಲ್ ಎಲ್ಲಿಯೂ ಸಿಕ್ಕಿಕೊಂಡಿಲ್ಲವಷ್ಟೇ ಎಂದು ಅವನು ಅಭ್ಯಾಸಬಲದಿಂದ ಅದನ್ನು ಅಂಗೈಯಲ್ಲಿ ಹಿಡಿದ. ಬೆಚ್ಚಗಿತ್ತು. ಎಂಜಿನ್ ಬಿಸಿಯಾಗುವಷ್ಟು ಹೊತ್ತು ಆಗಿರಲಿಲ್ಲ.

ಆ ಗಳಿಗೆಯಲ್ಲಿ ಬಾಯಿ ತೆರೆಯಬಹುದಿತ್ತು. ತಡೀರಿ ಭಾವ, ಒಂದು ಕಡೆ ಬಣ್ಣ ಕೆರೆಯಬೇಕು. ಅಷ್ಟೇ ಮಾತು. ಅಣ್ಣನ ತುಟಿಯ ಮೂಲೆಯಲ್ಲಿ ಆ ನಗು ಹೊರಬೀಳಲು ಕಾದು ಕುಳಿತಿರುವುದನ್ನು ಅವನು ಕಂಡ. ಆಡಿದ್ದು ಬೇರೆ ಮಾತು.

“ಭಾವ, ಸೆಲ್ಫ್ ಜಾಸ್ತಿ ಒತ್ಬೇಡಿ. ಸ್ವಲ್ಪ ದಿನ ಕಿಕ್ಕೇ ಹೊಡೀರಿ.”

“ಏನ್ ಬಾಮೈದ, ಊಟಕ್ಕೆ ಕರೆದು ಎಲೆ ಮೇಲೆ ಕೈ ಇಡ್ಬೇಡ ಅಂತೀಯಲ್ಲ!” ಎಂದು ಭಾವ ನಕ್ಕ. “ಸೆಲ್ಫ್ ಇರೋದೇ ಒತ್ತೋಕೆ. ಕಿಕ್ ಹೊಡೆದು ಹೊಡೆದು ನನ್ನ ಮೊಣಕಾಲು ಸವೆದಿದೆ ಮಾರಾಯ.”

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಎಚ್ಚರಿಕೆಯನ್ನೇ ತಮ್ಮ ರಾತ್ರಿಯೆಲ್ಲ ತನ್ನ ಪರವಾದ ಸಾಕ್ಷಿಯಾಗಿ ಮನಸ್ಸಿನಲ್ಲಿ ಹಿಡಿದುಕೊಂಡಿದ್ದ. ಹೇಳಿದ್ದೆನಲ್ಲ. ಹೇಳಲಿಲ್ಲವೆಂದು ಯಾರೂ ಅನ್ನುವಂತಿಲ್ಲ. ಬೆಳಗಿನ ಬೆಳಕಿನಲ್ಲಿ ಆ ಸಾಕ್ಷಿಯ ಮುಖ ನೋಡಿದರೆ ಅದೂ ತನ್ನ ಮುಖವೇ ಆಗಿತ್ತು.

ಅಣ್ಣ ಬಂದ. ಖುಷಿಯಲ್ಲಿದ್ದ, ಗಂಟಲಿನಲ್ಲಿ ಏನೋ ಗುನುಗುತ್ತ ಪರದೆ ಸರಿಸಿ, ಪರದೆ ಹಿಡಿದುಕೊಂಡೇ ನಿಂತು, “ನಿನ್ನೆ ನೋಡಿದ್ಯಾ, ಆ ಲೇತಿನವನ ಬಾಯಿ ಮುಚ್ಲೇ ಇಲ್ಲ” ಎಂದ.

“ಅಣ್ಣ, ಆ ಗಾಡಿ…”

“ಏನು?”

“ಏನಿಲ್ಲ. ಒಂದ್ಸಲ ತರಿಸ್ಬೇಕಿತ್ತು. ಟೈಟ್ ನೋಡೋಕೆ.”

“ಕೊಟ್ಟು ಒಂದು ರಾತ್ರಿ ಆಗಿಲ್ಲ, ಆಗ್ಲೇ ಟೈಟಾ? ಬಿಟ್ಬಿಡೋ ಒಂದೆರಡು ದಿನ. ಕಣ್ತುಂಬ ನೋಡ್ಕೊಳ್ಲಿ, ಆಮೇಲೆ ಸಹಿ ಹಾಕುವೆಯಂತೆ.” ಮಾತಿನಲ್ಲಿ ಕೇಡಿರಲಿಲ್ಲ. ಅಣ್ಣನಿಗೆ ತಮ್ಮನ ಮೇಲೆ ಪ್ರೀತಿಯೇ ಇತ್ತು. ಅದು ಇದ್ದದ್ದು ಆ ತಮಾಷೆಯ ರೂಪದಲ್ಲಿ, ಬೇರೆ ರೂಪ ಅದಕ್ಕೆ ಗೊತ್ತಿರಲಿಲ್ಲ. ಪರದೆ ಮುಚ್ಚಿಕೊಂಡಿತು. ಅದರ ಹಿಂದೆ ಅಣ್ಣನ ಆಕಾರ ನೀರಿನೊಳಗಿನವನಂತೆ ಅತ್ತಿತ್ತ ತೇಲಿತು.

ಇತ್ತ ತಮ್ಮನು ಭಾವನಿಗೆ ಫೋನು ಮಾಡಿದ. ಗಾಡಿ ಓಡಿಸುವಾಗ ಭಾವ ಎತ್ತುವುದಿಲ್ಲ, ಎಚ್ಚರಿಕೆಯ ಮನುಷ್ಯ. ಎಚ್ಚರಿಕೆಯ ಮನುಷ್ಯ ಎಂಬುದೇ ಈಗ ತಮ್ಮನನ್ನು ಹೆಚ್ಚು ಕಾಡಿತು. ಸಿಗ್ನಲ್ಲಿನಲ್ಲಿ ಅನೇಕರು ಗೇರು ತೆಗೆದು ನಿಲ್ಲುತ್ತಾರೆ. ಭಾವ ಹಾಗಲ್ಲ, ಹಸಿರು ಬಿದ್ದ ಕೂಡಲೇ ಹಿಂದಿನವರಿಗೆ ಅಡ್ಡವಾಗಬಾರದೆಂದು ಮೊದಲನೇ ಗೇರಿನಲ್ಲೇ ಕ್ಲಚ್ ಒತ್ತಿ ಹಿಡಿದು ಕಾಯುತ್ತಾನೆ. ಆಗ ಕೇಬಲ್ ಹರಿದರೆ ಗಾಡಿ ನಿಲ್ಲುವುದಿಲ್ಲ. ಒತ್ತಿ ಹಿಡಿದ ಕೇಬಲ್ಲಿನ ಎಳೆಗಳು ಒಂದೊಂದಾಗಿ ಬಿಡುವುದನ್ನು ತಮ್ಮ ಕಣ್ಣು ಮುಚ್ಚದೆಯೇ ಕಂಡ. ಅಕ್ಕನಿಗೆ ಫೋನು ಮಾಡಿದ. ಅವಳ ಮಿಕ್ಸಿಯ ಸದ್ದು ನಿಂತಿತು.

“ಏನೋ ಇಷ್ಟೊತ್ತಿಗೆ? ತಿಂಡಿ ಆಯ್ತಾ?”

“ಆಯ್ತಕ್ಕ. ಭಾವ ಹೋದ್ರಾ?”

“ಆಗ್ಲೇ ಹೋದ್ರು. ಬೆಳಿಗ್ಗೆ ಎದ್ದೋರೇ ಗಾಡಿ ಹತ್ರ. ಸುಮ್‌ಸುಮ್ನೆ ಸೆಲ್ಫ್ ಒತ್ತೋದು, ಆಫ್ ಮಾಡೋದು, ಮತ್ತೆ ಒತ್ತೋದು. ಎದುರುಮನೆಯವ್ರಿಗೆ ಕೇಳಿಸ್ಲಿ ಅಂತ. ಹೊಸ ಬಳೆ ಹಾಕ್ಕೊಂಡೋರು ಕೈ ಕುಲುಕಿದ ಹಾಗೆ!” ಅವಳು ನಕ್ಕಳು. “ಅದಿರ್ಲಿ, ಯಾಕೋ ಫೋನ್ ಮಾಡ್ದೆ?”

“ಏನಿಲ್ಲ. ಚೆನ್ನಾಗಿ ಓಡ್ತಾ ಇದ್ಯಾ ಅಂತ ಕೇಳೋಕೆ ಮಾಡ್ದೆ.”

“ನೀನು ಮಾಡಿದ್ದಲ್ವಾ, ಓಡದೆ ಏನು” ಎಂದಳು ಅಕ್ಕ. ಬಿಸಿತುಪ್ಪವನ್ನು ನುಂಗಲೂ ಆರದೆ ಉಗುಳಲೂ ಆರದೆ ಅವನು ಫೋನು ಇಟ್ಟ.

ಅಲ್ಲಿಂದ ಅವನು ಮಾಡಿದ ಕೆಲಸಗಳನ್ನು ಮುದುಕ ಒಂದೊಂದಾಗಿ ಹೇಳಿದ, ತನ್ನ ಅಂಗಡಿಯಿಂದ ಎಲ್ಲ ಕಾಣುತ್ತಿದ್ದುದರಿಂದ. ಯಾರದೋ ಗಾಡಿಯ ಚೈನು ಬಿಚ್ಚಿದ, ಮತ್ತೆ ಅದನ್ನೇ ಹಾಕಿದ. ಒಂದೇ ನಟ್ಟನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತ ಕುಳಿತ. ಬೀದಿಯಲ್ಲಿ ಬ್ರೇಕು ಕಿರುಗುಟ್ಟಿದಾಗಲೆಲ್ಲ ಎದ್ದು ನಿಂತ. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿದಾಗ ಮುದುಕ ತಮಾಷೆಗೆ, “ಏನಪ್ಪಾ, ನಿನ್ನ ಗಿರಾಕಿನಾ ಅದು?” ಎಂದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ತಮ್ಮನ ಕೈ ತಾನಾಗಿ ಅಂಗಿಗೆ ಒರೆಸಿಕೊಂಡಿತು. ಮರುಗಳಿಗೆಯಲ್ಲಿ ಸ್ಪ್ಯಾನರನ್ನೂ ಗರಗಸದ ಬ್ಲೇಡಿನ ಒಂದು ತುಂಡನ್ನೂ ಚಿಂದಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಅಣ್ಣನಿಗೆ ಹೇಳದೆ, ಬಸ್ಸು ಹತ್ತಿದ.

ಬಸ್ಸಿನಲ್ಲಿ ನಿಂತವನಿಗೆ ಹೊರಗಿನದೆಲ್ಲ ಎಂದಿಗಿಂತ ಸ್ಪಷ್ಟವಾಗಿ ಕಾಣಿಸಿತು. ಸಿಗ್ನಲ್ಲಿನಲ್ಲಿ ನಿಂತ ಪ್ರತಿಯೊಂದು ಎಡಗೈ. ಬಿಗಿದ ಬೆರಳುಗಳು, ಉಂಗುರದ ಬೆರಳು, ಕೈಚೀಲದ ಹಿಡಿಕೆ ಸಿಕ್ಕಿಸಿಕೊಂಡ ಬೆರಳು. ಇಷ್ಟು ಜನ, ತಾವು ಕಾಣದ ಒಂದು ತಂತಿಯನ್ನು ನಂಬಿ, ಎದುರಿಗೆ ಹಾಯುವ ಲಾರಿಗಳನ್ನು ನೆಮ್ಮದಿಯಿಂದ ನೋಡುತ್ತ ನಿಂತಿದ್ದಾರೆ. ತಾನು ಚಿಕ್ಕವನಿದ್ದಾಗ ಅಕ್ಕ ತನ್ನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು; ಅವಳು ಎರಡೂ ಕಡೆ ನೋಡುತ್ತಿದ್ದಳು, ತಾನು ಅವಳ ಮುಖ ನೋಡುತ್ತಿದ್ದ. ಅವಳ ಅಂಗೈ ಬೆವರುತ್ತಿತ್ತು. ಅವಳಿಗೂ ಭಯವಿತ್ತು ಎಂಬುದು ಈ ಬಸ್ಸಿನಲ್ಲಿ, ಈ ವಯಸ್ಸಿನಲ್ಲಿ ಹೊಳೆಯಿತು.

ಪ್ರಯೋಗಾಲಯದ ಗೇಟಿನ ಕಾವಲುಗಾರ ಅವನ ಎಣ್ಣೆ ಹಿಡಿದ ಅಂಗಿ ನೋಡಿ ಗೋಡೆಯಿಂದ ದೂರ ನಿಲ್ಲಲು ಹೇಳಿದ. ಗೋಡೆಗೆ ಹೊಸದಾಗಿ ಸುಣ್ಣವಾಗಿತ್ತು. ಅವನು ಬಿಸಿಲಿನಲ್ಲಿ ನಿಂತ. ಮಧ್ಯಾಹ್ನದ ಹೊತ್ತಿಗೆ ಭಾವ ಬಂದ. ಇಡಿಯಾಗಿ, ಎರಡು ಕೈ ಎರಡು ಕಾಲಿನೊಂದಿಗೆ, ಹೆಲ್ಮೆಟ್ಟಿನ ಕೆಳಗೆ ನಗುತ್ತ ಬಂದ. ತಮ್ಮನಿಗೆ ಅಳು ಉಕ್ಕಿ ಬಂತು, ಕೆಮ್ಮಿ ನುಂಗಿದ.

“ಅರೆ ಬಾಮೈದ! ನೀನೇನೋ ಇಲ್ಲಿ? ರಕ್ತ ಕೊಡೋಕೆ ಬಂದ್ಯಾ?”

“ಗಾಡಿ ಒಂದ್ಸಲ ನೋಡ್ಬೇಕಿತ್ತು ಭಾವ. ಒಂದು ಚೂರು ಕೆಲಸ ಬಾಕಿ ಇತ್ತು.”

“ಬಾಕಿನಾ? ನಿಮ್ಮಣ್ಣ ನಿನ್ನೆನೇ ಹೇಳಿ ಕಳ್ಸಿದ್ದಾನೆ, ತಮ್ಮನ ಕೈಗೆ ಕೊಡ್ಬೇಡ, ಸಹಿ ಹಾಕ್ತಾನೆ ಅಂತ.” ಭಾವ ಕಾವಲುಗಾರನ ಕಡೆ ಕಣ್ಣು ಮಿಟುಕಿಸಿದ. ಮತ್ತೆ ತಮ್ಮನ ಮುಖ ನೋಡಿ ಅವನ ನಗು ಇಳಿಯಿತು. “ಸರಿ ನೋಡಪ್ಪ. ನಾನು ಪೆಟ್ಟಿಗೆ ಒಳಗೆ ಕೊಟ್ಟು ಬರ್ತೀನಿ. ಬೆಳಿಗ್ಗೆಯಿಂದ ಏನೋ ರಬ್ಬರ್ ಸುಟ್ಟ ವಾಸನೆ ಬರ್ತಿತ್ತು, ಹೊಸ ಬಣ್ಣಕ್ಕೆ ಇರ್ಬೇಕು ಅನ್ಕೊಂಡೆ.”

ತಮ್ಮ ನೆಲಕ್ಕೆ ಕುಳಿತ. ಬೋಲ್ಟು ಸಡಿಲಿಸಿದ. ಬ್ಲೇಡಿನ ತುಂಡಿನಿಂದ ಅಣ್ಣನ ಬಣ್ಣವನ್ನು ಕೆರೆಯತೊಡಗಿದ. ಮೇಲಿನ ಹೊಳಪು, ಅದರಡಿ ಬಣ್ಣ, ಅದರಡಿ ಪ್ರೈಮರು. ಒಂದೊಂದು ಪದರವೂ ಬೇರೆ ಬೇರೆ ದನಿಯಲ್ಲಿ ಕಿರುಚಿತು. ಬರಿ ಕಬ್ಬಿಣ ಮಿಂಚಿತು. ತಂತಿ ಕೂರಿಸಿ ಬಿಗಿದ. ಸೆಲ್ಫ್ ಒತ್ತಿದ. ಮುಲುಗಾಟವಿಲ್ಲ, ತಡವರಿಕೆಯಿಲ್ಲ, ಹೆಸರು ಹಿಡಿದು ಕರೆದರೆ ಏಳುವ ಎಚ್ಚರದ ನಿದ್ರೆಯವನಂತೆ ಎಂಜಿನ್ ಎದ್ದಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ತಮ್ಮ ಕೇಬಲ್ಲಿನ ಮೇಲೆ ಕೈಯಾಡಿಸಿದ. ತಣ್ಣಗಿತ್ತು. ಕೈ ಕೆಳಗಿಳಿದು ಎಂಜಿನ್ನಿನ ಹತ್ತಿರ ಬಂದಾಗ ಬೆರಳಿಗೆ ಒಂದು ಬೊಕ್ಕೆ ತಾಗಿತು. ಕೇಬಲ್ಲಿನ ಕಪ್ಪು ಹೊರಪದರ ಅಲ್ಲಿ ಉಬ್ಬಿ, ಸುಟ್ಟ ಚರ್ಮದಂತೆ ಮಿರುಗುತ್ತಿತ್ತು. ಕ್ಲಚ್ ಒತ್ತಿ ನೋಡಿದ. ಬಂತು. ಆದರೆ ಬರುವಾಗ ಒಂದೆಡೆ, ಬಟ್ಟೆ ಮುಳ್ಳಿಗೆ ಸಿಕ್ಕಿ ಬಿಟ್ಟ ಹಾಗೆ, ಸಣ್ಣಗೆ ತಡೆದು ಬಂತು.

ಅವನಿಗೆ ಅರ್ಥವಾಯಿತು. ಒಳಗೆ ಎಳೆಗಳು ಬೆಂದಿವೆ. ರಸ್ತೆಯಾಚೆ, ನೇರ ಎದುರಿಗೆ, ಬಿಡಿಭಾಗಗಳ ಅಂಗಡಿಯೊಂದು ತೆರೆದಿತ್ತು. ಬಾಗಿಲಲ್ಲಿ ಸುರುಳಿ ಸುತ್ತಿದ ಕೇಬಲ್ಲುಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಗಾಳಿಗೆ ಅವು ಅಲುಗುವುದೂ ಇಲ್ಲಿಂದ ಕಾಣುತ್ತಿತ್ತು. ಚಹಾ ಕುಡಿದು ಮುಗಿಸುವಷ್ಟರ ಕೆಲಸ. ಲೇತಿನವನ ಪಾಠದಲ್ಲಿ ಆ ಅಂಗಡಿ ಊಟಕ್ಕೆಂದು ಮುಚ್ಚಿತ್ತು. ಮುದುಕ ಅದನ್ನು ಒಪ್ಪಲಿಲ್ಲ: “ಮುಚ್ಚಿದ್ರೆ ಅವನು ಇವತ್ತು ನಿದ್ದೆ ಮಾಡ್ತಿದ್ದ ಕಣಯ್ಯ. ತೆಗೆದಿತ್ತು.”

ಭಾವ ಖಾಲಿ ಪೆಟ್ಟಿಗೆ ಹಿಡಿದು ಹೊರಬಂದ. ತಮ್ಮನ ಕೈ ಇನ್ನೂ ಕೇಬಲ್ಲಿನ ಮೇಲಿತ್ತು.

“ಅದಕ್ಕೇನಾಯ್ತು? ಕೇಬಲ್ ಹೊಸದು ಹಾಕಿದೀನಿ ಅಂದ್ಯಲ್ಲ?”

ಪ್ರಶ್ನೆ ನೇರವಾಗಿತ್ತು. ಹೊಸ ಕೇಬಲ್ಲು ಒಂದೇ ರಾತ್ರಿಯಲ್ಲಿ ಯಾಕೆ ಸುಟ್ಟಿತು ಎಂದು ಹೇಳಿದರೆ, ನಿನ್ನೆಯ ಅಂಗೈಯ ಬಿಸಿ ಹೇಳಬೇಕು. ಅದನ್ನು ಹೇಳಿದರೆ, ತಿಳಿದೂ ಯಾಕೆ ಬಿಟ್ಟೆ ಎಂಬುದನ್ನು ಹೇಳಬೇಕು. ಅದಕ್ಕೆ ಉತ್ತರ ಒಂದೇ, ಅಣ್ಣ ನಕ್ಕಾನೆಂದು. ಬೆಳೆದ ಗಂಡಸು, ಮೀಸೆ ಹೊತ್ತವನು, ಅಣ್ಣ ನಕ್ಕಾನೆಂದು. ಕಾವಲುಗಾರ ಕಿವಿಗೊಟ್ಟು ನಿಂತಿದ್ದ. ದೊಡ್ಡ ತಪ್ಪನ್ನು ಸರಿಪಡಿಸಿಯಾಗಿತ್ತು. ಅದರ ಹಗುರ ಅವನ ಕೈಕಾಲುಗಳಲ್ಲಿ ನಿದ್ದೆಯಂತೆ ಹರಡುತ್ತಿತ್ತು. ಉಳಿದ ಈ ಚಿಕ್ಕದು ಸಂಜೆಯವರೆಗೆ ತಡೆದೀತು. ತಡೆಯಲೇಬೇಕು. ಇಷ್ಟು ದೂರ ಬಂದವನಿಗೆ ಅಷ್ಟೂ ಸಿಗಬಾರದೇ?

“ಹೌದು ಭಾವ, ಹೊಸದೇ” ಎಂದ. “ಸಂಜೆ ಹೋಗ್ತಾ ಶೆಡ್ ಹತ್ರ ಬನ್ನಿ. ಇನ್ನೊಂಚೂರು ನೋಡ್ಬೇಕು.”

“ಬರ್ತೀನಿ ಬಿಡು. ಇದಕ್ಕೋಸ್ಕರ ಬಿಸಿಲಲ್ಲಿ ಇಷ್ಟು ದೂರ ಬಂದ್ಯಾ ನೀನು?” ಭಾವ ಅವನ ಹೆಗಲ ಮೇಲೆ ಕೈಯಿಟ್ಟ. “ನಿಮ್ಮಣ್ಣ ಬಣ್ಣ ಹೊಡೀತಾನೆ, ಊರೆಲ್ಲ ನೋಡುತ್ತೆ. ನೀನು ಮಾಡೋದು ಯಾರಿಗೂ ಕಾಣ್ಸಲ್ಲ. ನನಗೆ ಗೊತ್ತಪ್ಪ.”

ಅವನ ಬದುಕಿನಲ್ಲಿ ಯಾರೂ ಅವನಿಗೆ ಆಡಿರದ ಮಾತು ಅದು. ಭಾವ ಸೆಲ್ಫ್ ಒತ್ತಿದ, ತಲೆಯಾಡಿಸಿ ಮೆಚ್ಚಿದ, ಹೋದ. ಬಸ್ಸಿನಲ್ಲಿ ಮರಳುವಾಗ ತಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು. ಅವನು ನಿದ್ದೆ ಹೋದ. ಆ ನಿದ್ದೆಯನ್ನು ಅವನು ತನಗೆ ಎಂದೂ ಕ್ಷಮಿಸಿಕೊಳ್ಳಲಿಲ್ಲ ಎಂದು ಮುದುಕ ಹೇಳಿದ. ಉಳಿದದ್ದೆಲ್ಲಕ್ಕಿಂತ ಹೆಚ್ಚಾಗಿ ಆ ನಿದ್ದೆಯನ್ನು.

ಶೆಡ್ಡಿನ ಮುಂದೆ ಅಣ್ಣ ನಿಂತಿದ್ದ. ಕೈಯಲ್ಲಿ ಬಣ್ಣ ಹೊಡೆಯುವ ಗನ್ನು ಹಾಗೆಯೇ ಇತ್ತು; ಅದರ ಮೂತಿಯಿಂದ ಬಣ್ಣ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವನು ನೋಡುತ್ತಿರಲಿಲ್ಲ. ಒಂದು ತೊಟ್ಟು ಎಲ್ಲಿ ಬಿದ್ದರೂ ತಾಳದವನು.

“ಎಲ್ಲಿ ಹಾಳಾಗಿ ಹೋಗಿದ್ದೆ? ಭಾವಂಗೆ ಆಕ್ಸಿಡೆಂಟು. ಸಿಗ್ನಲ್ಲಲ್ಲಿ ನಿಂತಿದ್ರಂತೆ. ನಿಂತಿದ್ದ ಗಾಡಿ ತಾನಾಗಿ ಮುಂದಕ್ಕೆ ನುಗ್ತಂತೆ ಕಣೋ, ಲಾರಿ ಅಡಿಗೆ.”

ಆಸ್ಪತ್ರೆಯ ಹಾಸಿಗೆಯಲ್ಲಿ ಭಾವನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ದುಪ್ಪಟಿ ಅಲ್ಲಿ ಚಪ್ಪಟೆಯಾಗಿ ಮಲಗಿತ್ತು. ಬಂದವರೆಲ್ಲ ಒಂದೇ ಮಾತಾಡಿದರು: ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು, ಜೀವ ಉಳಿಯಿತಲ್ಲ. ಭಾವ ಔಷಧಿಯ ಮಂಪರಿನಲ್ಲೂ ಬಂದವರಿಗೆಲ್ಲ ತಮ್ಮನನ್ನು ತೋರಿಸಿದ. “ಇವನು ಮಧ್ಯಾಹ್ನ ಬಂದಿದ್ದ. ಬಸ್ಸಲ್ಲಿ. ಬಿಸಿಲಲ್ಲಿ ನಿಂತು ಗಾಡಿ ನೋಡಿಕೊಟ್ಟ. ಸಂಜೆ ಬನ್ನಿ ಅಂದಿದ್ದ. ನನ್ನ ಹಣೆಬರಹ, ಸಂಜೆ ತನಕ ನನ್ನ ಬಿಡ್ಲಿಲ್ಲ. ಕ್ಲಚ್ ಹಿಡ್ದೇ ಇದ್ದೆ ಕಣೋ, ಫಟ್ ಅಂತ ಬಿಟ್ಟುಹೋಯ್ತು. ನೀನು ಏನು ಮಾಡೋಕಾಗುತ್ತೆ, ನೀನು ಬಂದಿದ್ಯಲ್ಲ.” ಒಬ್ಬೊಬ್ಬರೂ ತಮ್ಮನ ಬೆನ್ನು ತಟ್ಟಿದರು. ಪ್ರತಿ ತಟ್ಟಿಗೂ ಅವನು ಸ್ವಲ್ಪ ಸ್ವಲ್ಪ ಗೋಡೆಯತ್ತ ಸರಿದ.

ಅಣ್ಣ ಹೋಗಿ ಜಜ್ಜಿದ ಗಾಡಿಯನ್ನು ನೋಡಿ ಬಂದಿದ್ದ. ಕೆರೆದ ಜಾಗವನ್ನು ಅವನು ಕಂಡಿರಲೇಬೇಕು. ಬಣ್ಣದ ವಿಷಯದಲ್ಲಿ ಅವನ ಕಣ್ಣು ತಪ್ಪುವಂಥದಲ್ಲ. ಕಂಡು ಏನು ತಿಳಿದುಕೊಂಡ ಎಂಬುದರಲ್ಲಿ ಪಾಠಾಂತರಗಳಿವೆ. ಚಹಾ ಅಂಗಡಿಯವಳ ಪ್ರಕಾರ ಅವನಿಗೆ ಎಲ್ಲ ತಿಳಿಯಿತು. ಲೇತಿನವನ ಪ್ರಕಾರ ಏನೂ ತಿಳಿಯಲಿಲ್ಲ. ಇಬ್ಬರೂ ಒಪ್ಪುವುದು ಒಂದನ್ನು: ಅಂದಿನಿಂದ ಅವನು ಆ ‘ಸಹಿ’ಯ ಮಾತು ಎತ್ತಲಿಲ್ಲ. ಅದರ ಜೊತೆಗೆ ತಮ್ಮನೊಂದಿಗೆ ಬೇರೆ ಮಾತೂ ಹೆಚ್ಚು ಉಳಿಯಲಿಲ್ಲ.

ಆಸ್ಪತ್ರೆಯ ಮೆಟ್ಟಿಲುಗಳಲ್ಲಿ ಅಕ್ಕ ಅವನನ್ನು ತಡೆದಳು. ಕೈಯಲ್ಲಿ ನೀರಿನ ಬಾಟಲಿ ಇತ್ತು. ಕಣ್ಣು ಒಣಗಿತ್ತು.

“ಮಧ್ಯಾಹ್ನ ಯಾಕೆ ಹೋಗಿದ್ದೆ?”

ಅವನು ಹೇಳಿದ. ಬಣ್ಣ, ತಂತಿ, ಅಂಗೈ. ಮೆಟ್ಟಿಲು ಹತ್ತಿ ಇಳಿಯುವವರಿಗೆ ಅಕ್ಕ ಗೋಡೆಗೆ ಸರಿದು ದಾರಿ ಬಿಟ್ಟುಕೊಡುತ್ತ ಕೇಳಿದಳು.

“ಆ ಕೇಬಲ್ ಸುಟ್ಟಿದ್ದು ನೋಡಿದ್ಯಾ?”

“ನೋಡಿದೆ.”

“ಬೇರೆ ಹಾಕೋಕೆ ಆಗ್ತಿತ್ತಾ?”

“ಆಗ್ತಿತ್ತು ಅಕ್ಕ. ಅಂಗಡಿ ಎದುರಿಗೇ ಇತ್ತು.”

ಅವಳು ಹೊಡೆಯುತ್ತಾಳೆ ಎಂದುಕೊಂಡ. ಹೊಡೆಯಲಿ ಎಂದು ಮುಖವನ್ನು ತುಸು ಮುಂದೆ ತಂದ. ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು, ಮತ್ತೆ ಮುಚ್ಚಿದಳು.

“ಅವ್ರಿಗೆ ಹೇಳ್ಬೇಡ.”

“ಹೇಳ್ದೆ ಹೇಗಿರ್ಲಿ ಅಕ್ಕ? ನಾನು ಈಗ್ಲೇ ಹೋಗಿ ಕಾಲಿಗೆ ಬಿದ್ದು…”

“ಯಾವ ಕಾಲಿಗೆ ಬೀಳ್ತೀಯ?” ಎಂದಳು ಅಕ್ಕ. ದನಿ ತಗ್ಗಿಸಿ ಹೇಳಿದಳು: “ಹೇಳಿದ್ರೆ ನೀನು ಹಗುರ ಆಗ್ತೀಯ. ಅವ್ರು? ಕೆಲಸ ಹೋಯ್ತು, ಕಾಲು ಹೋಯ್ತು. ಎಚ್ಚರ ಆದಾಗ್ಲೆಲ್ಲ ಅವ್ರ ಬಾಯಲ್ಲಿ ಇರೋದು ಒಂದೇ, ಬಾಮೈದ ಬಿಸಿಲಲ್ಲಿ ಓಡಿ ಬಂದಿದ್ದ ಅಂತ. ಅದೊಂದನ್ನ ಹಿಡ್ಕೊಂಡು ಮಲಗಿದಾರೆ. ಅದನ್ನೂ ಕಿತ್ಕೊಂಡು ಹೋಗ್ಬೇಡ. ನಿನ್ನ ಹತ್ರಾನೇ ಇಟ್ಕೋ. ನೀನೇ ಹೊರು.” ಅವಳು ಮೇಲೆ ಹತ್ತಿದಳು. ತಿರುವಿನಲ್ಲಿ ನಿಂತು, ತಿರುಗದೆಯೇ, “ನಾನೂ ಹೊರ್ಬೇಕಲ್ಲೋ” ಎಂದಳು.

ಮುದುಕ ಇಲ್ಲಿಯವರೆಗೆ ಹೇಳಿ ಸೂಜಿಗೆ ದಾರ ಪೋಣಿಸಲು ನೋಡಿದ, ಬೆಳಕು ಸಾಲಲಿಲ್ಲ. ಅನಂತರ ಏನಾಯಿತು ಎಂದು ನಾನು ಕೇಳಿದೆ. ಅವರೆಲ್ಲರ ದೃಷ್ಟಿ ಓಣಿಯ ತುದಿಯಲ್ಲಿತ್ತು. ಕಂಕುಳಿಗೆ ಊರುಗೋಲು ಕೊಟ್ಟುಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ, ಪ್ಯಾಂಟಿನ ಒಂದು ಕಾಲನ್ನು ಮಡಿಸಿ ಪಿನ್ನು ಹಾಕಿಕೊಂಡವನು, ಗುಂಡಿಗಳನ್ನು ಬಳಸಿಕೊಂಡು ಅಭ್ಯಾಸದ ಹೆಜ್ಜೆಯಲ್ಲಿ ಬರುತ್ತಿದ್ದ. ಎದುರು ಶೆಡ್ಡಿನೊಳಗೆ, ನಾನು ಅಷ್ಟು ಹೊತ್ತು ಗಮನಿಸಿರದ ಒಬ್ಬಾತ ಎದ್ದು, ಸ್ಟೂಲೊಂದನ್ನು ಚಿಂದಿಯಿಂದ ಒರೆಸಿ ಬಾಗಿಲಿಗೆ ತಂದಿಟ್ಟು, ಅದರ ಪಕ್ಕದಲ್ಲಿ ಕೈಕಟ್ಟಿ ನಿಂತ.

“ಏನ್ ಅಜ್ಜ, ಭಾರಿ ಸಭೆ ಸೇರಿದೆ!” ಎಂದ ಊರುಗೋಲಿನವನು ನಮ್ಮೆದುರು ನಿಂತು, ಉಸಿರು ತಿರುಗಿಸಿಕೊಳ್ಳುತ್ತ. “ಕರೆಂಟಿಲ್ಲ ಅಂತ ಕಥೆನಾ? ಯಾರ ಕಥೆ?”

“ಯಾವುದೋ ಹಳೇದಪ್ಪ” ಎಂದ ಮುದುಕ. “ಯಾರದೋ ಊರಿನದು.”

“ನಾನು ಬರೋ ಹೊತ್ತಿಗೇ ಮುಗಿಸ್ತೀರಲ್ಲ ಯಾವಾಗ್ಲೂ. ಕೂತ್ಕೊಳ್ಲಾ, ಇನ್ನೊಂದ್ಸಲ ಹೇಳ್ತೀಯಾ?”

“ಮುಗೀತಪ್ಪ, ಮುಗೀತು. ನೀನು ನಡಿ, ಬಾಮೈದ ಕಾಯ್ತಿದ್ದಾನೆ.”

ಲೇತಿನವನು ಎದ್ದು ಹಿಂಬದಿಯ ಧೂಳು ಕೊಡವಿಕೊಂಡ. ಚಹಾ ಅಂಗಡಿಯವಳು ಲೋಟಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುದುಕ ಹರಿದ ಸೀಟುಗಳನ್ನು ಒಳಗೆ ಎಳೆದು ಹಾಕಿದ. ಬರುತ್ತೇನೆ ಎಂದು ಕೂಡ ಹೇಳದೆ, ಒಬ್ಬೊಬ್ಬರಾಗಿ ಅವರು ಕತ್ತಲಾಗುತ್ತಿದ್ದ ಓಣಿಯಲ್ಲಿ ತಂತಮ್ಮ ಮನೆಗೆ ನಡೆದರು.